ಕಲ್ಲಿನ ಕೆಲಸ ಕೈಗೆ ಗೊತ್ತು

ಗಡಿನಾಡಿನವರಾದ ನಮಗೆ ಇತಿಹಾಸವೆಂದ ಕೂಡಲೆ ನೆನಪಾಗುವುದು ಶಾಸನ. ಊರ ದೇವಸ್ಥಾನದ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ಒಂದು ಕಲ್ಲು ಸಿಕ್ಕಿ, ಅದರಲ್ಲಿ ನಾಲ್ಕು ಸಾಲು ಕನ್ನಡ ಕಾಣಿಸಿತೆಂದರೆ ನಮಗಾಗುವ ಸಂತೋಷ ಅಷ್ಟಿಷ್ಟಲ್ಲ. 'ನೋಡಿ, ನಾವು ನಿನ್ನೆ ಮೊನ್ನೆ ಬಂದವರಲ್ಲ' ಎಂದು ಹೇಳಲು ಅದೊಂದು ಆಧಾರ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನ ಗುಮಾಸ್ತಿಕೆಯ ದೆಸೆಯಿಂದ ಮಿರಜಕ್ಕೆ ಬಂದು ಸೇರಿದ ನನಗೂ ಈ ಹಂಬಲ ಇದ್ದದ್ದೇ. ಸಾಂಗಲಿ, ಮಿರಜ, ಜತ್ತಗಳ ಸೀಮೆಯಲ್ಲಿಯೂ ಕನ್ನಡ ಮನೆಗಳಿವೆ. ಅಲ್ಲಿಯೂ ಇದೇ ಮಾತು. ಕೊಲ್ಹಾಪುರದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದರು. ಆ ಪುಸ್ತಕದ ಬೆನ್ನು ಹಿಡಿದು ಊರೂರು ತಿರುಗುವವರನ್ನು ನಾನು ಇಲ್ಲಿ ಕಂಡಿದ್ದೇನೆ.

ಆದರೆ ಅಕ್ಷರ ಹುಟ್ಟಿ ಎಷ್ಟು ಕಾಲವಾಯಿತು? ನಮ್ಮ ದಕ್ಷಿಣದಲ್ಲಿ ಅಶೋಕನ ಶಾಸನಗಳಿಂದ ಲೆಕ್ಕ ಹಿಡಿದರೂ ಇಪ್ಪತ್ತಮೂರು ಶತಮಾನಗಳಾದಾವು. ಅದಕ್ಕೂ ಹಿಂದೆ, ಸಾವಿರಗಳಲ್ಲಿ ಅಲ್ಲ, ಲಕ್ಷಗಳಲ್ಲಿ ಎಣಿಸಬೇಕಾದ ಕಾಲದಿಂದ ಕೃಷ್ಣೆಯ ಕಣಿವೆಯಲ್ಲಿ ಮನುಷ್ಯನ ಕೈ ಕೆಲಸ ಮಾಡಿದೆ. ಅವನೂ ಕಲ್ಲನ್ನೇ ಬಿಟ್ಟು ಹೋದ. ಆ ಕಲ್ಲಿನ ಮೇಲೆ ಅಕ್ಷರವಿಲ್ಲ, ರಾಜನ ಹೆಸರಿಲ್ಲ, ದಾನ ಕೊಟ್ಟ ಭೂಮಿಯ ಎಲ್ಲೆಯಿಲ್ಲ. ಅದನ್ನು ಓದುವುದು ಹೇಗೆ? ಓದಲು ಬಾರದ ಆ ಕಲ್ಲನ್ನು ಕೈಯಲ್ಲಿ ಹಿಡಿದು, ಅವನು ಮಾಡಿದ ಕೆಲಸವನ್ನೇ ಮತ್ತೊಮ್ಮೆ ಮಾಡಿ ನೋಡುವ ವಿದ್ವಾಂಸರಿದ್ದಾರೆ. ಅವರ ಪ್ರಯೋಗಗಳ ವಿಷಯ ನಮ್ಮ ಓದುಗರಿಗೆ ತಿಳಿಯಬೇಕೆಂದು ಈ ಲೇಖನ. ಅದು ನಮ್ಮ ಮನೆಗಳ ಅಡುಗೆಕೋಣೆಗೂ ಸಂಬಂಧಪಟ್ಟದ್ದು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಭಾರತದಲ್ಲಿ ಶಿಲಾಯುಗದ ಶೋಧ ಮೊದಲಾದದ್ದು 1863ರ ಮೇ 30ರಂದು. ಭೂಗರ್ಭ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಬಳಿಯ ಪಲ್ಲಾವರದಲ್ಲಿ ಮನುಷ್ಯ ಕೈಯಾರೆ ಕಡಿದು ರೂಪಿಸಿದ ಒಂದು ಕಲ್ಲನ್ನು ಗುರುತಿಸಿದರು. ಅದೇ ಫೂಟ್ ಮುಂದೆ ನಮ್ಮ ಈ ಕಡೆಗೂ ಬಂದರು. 'ದಕ್ಷಿಣ ಮರಾಠಾ ದೇಶ'ದ ಭೂರಚನೆಯನ್ನು ಕುರಿತು ಅವರು ಬರೆದ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ದಕ್ಷಿಣ ಮರಾಠಾ ದೇಶವೆಂದರೆ ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಯ ಪ್ರದೇಶ. ಸಾಂಗಲಿ, ಮಿರಜ, ಜಮಖಂಡಿ, ಮುಧೋಳ, ರಾಮದುರ್ಗ ಮುಂತಾದ ಸಂಸ್ಥಾನಗಳು ಹರಡಿಕೊಂಡಿದ್ದ ಸೀಮೆ. ಮಲಪ್ರಭೆಯ ಕಣಿವೆಯನ್ನು ಬಹುಕಾಲದ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿಯವರು ಮತ್ತೆ ಕ್ರಮವಾಗಿ ಅಭ್ಯಾಸ ಮಾಡಿ 1955ರಲ್ಲಿ ಗ್ರಂಥ ಬರೆದರು.

ಈ ಸೀಮೆಯಲ್ಲಿ ಭಾಷೆಯ ಗಡಿಯ ಹಾಗೆ ಕಲ್ಲಿನ ಗಡಿಯೂ ಒಂದಿದೆ. ಸಾಂಗಲಿಯ ಕೃಷ್ಣಾ ಘಾಟಿನಲ್ಲಿ ಕಾಲಿಗೆ ತಗಲುವುದು ಕಪ್ಪು ಕಲ್ಲು. ಅದು ಬಸಾಲ್ಟ್; ಜ್ವಾಲಾಮುಖಿಯ ಲಾವಾರಸ ಪದರಪದರವಾಗಿ ಹರಿದು ಆರಿದ್ದು. ಹರಿಪುರದಲ್ಲಿ ವಾರಣೆಯನ್ನೂ ನರಸೋಬವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಕೃಷ್ಣೆ ಕರ್ನಾಟಕಕ್ಕೆ ಇಳಿಯುತ್ತಾಳೆ. ದಕ್ಷಿಣಕ್ಕೆ ಗೋಕಾಕ, ಬಾದಾಮಿಗಳ ಕಡೆಗೆ ಹೋದರೆ ಗಟ್ಟಿಯಾದ ಕ್ವಾರ್ಟ್ಸೈಟ್. ಹೊಳೆಯ ಕೆಳಗೆ ಸುರಪುರ ಸೀಮೆಯಲ್ಲಿ ಸುಣ್ಣಕಲ್ಲು. ನಮ್ಮ ಕಾಸರಗೋಡಿನಲ್ಲಾದರೆ ಮುರಕಲ್ಲು, ಮಲಯಾಳದ ಚೆಂಕಲ್ಲು. ಮನೆಗೋಡೆಗೆ ಅದರಂಥ ಕಲ್ಲಿಲ್ಲ, ಆದರೆ ಅದರಿಂದ ಒಂದು ಚೂರಿಯ ಬಾಯಿ ತೆಗೆಯಲಾಗದು. ಯಾವ ಕಲ್ಲು ಯಾವ ಕೆಲಸಕ್ಕೆ ಎಂಬುದನ್ನು ಹಿಂದಿನವರು ಪುಸ್ತಕದಿಂದ ಕಲಿಯಲಿಲ್ಲ.

ಮೊದಲ ತೊಡಕು ಇರುವುದು ಹೆಸರಿನಲ್ಲಿಯೇ. ಬಾದಾಮಿಯ ಆಕಾರದ, ಎರಡೂ ಮುಖ ಕಡಿದ, ಅಂಗೈಯಗಲದ ಕಲ್ಲಿಗೆ ನಾವು 'ಕೈಕೊಡಲಿ' ಎನ್ನುತ್ತೇವೆ. ಅಗಲ ಬಾಯಿಯದಕ್ಕೆ 'ಸೀಳುಗೊಡಲಿ', ಒಂದು ಬದಿ ಮಾತ್ರ ಕಡಿದದ್ದಕ್ಕೆ 'ಹೆರೆಯುವ ಕಲ್ಲು'. ಶಾಲೆಯ ಪುಸ್ತಕದಲ್ಲಿ ಹೀಗೆಯೇ ಓದಿದ್ದೇವೆ. ಆದರೆ ಈ ಹೆಸರುಗಳನ್ನು ಇಟ್ಟವರು ಕಳೆದ ಒಂದೂವರೆ ಶತಮಾನದ ವಿದ್ವಾಂಸರು. ಅವರು ಆಕಾರ ನೋಡಿ ಹೆಸರಿಟ್ಟರು, ಕೆಲಸ ನೋಡಿ ಅಲ್ಲ. ಕೈಕೊಡಲಿಯಿಂದ ಯಾರಾದರೂ ಮರ ಕಡಿದದ್ದನ್ನು ಕಂಡವರು ಯಾರು? ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಅವರು 1964ರಲ್ಲಿ ಶಿಲಾಯುಗದ ಆಯುಧಗಳ ಮೇಲೆ ಒಂದು ಕೈಪಿಡಿ ಬರೆದರು. ಆಯುಧ ಮಾಡುವ ಕ್ರಮ, ಅವುಗಳ ಹೆಸರು, ಅವುಗಳ 'ಸಂಭಾವ್ಯ' ಉಪಯೋಗ, ಇಷ್ಟೂ ಅದರ ಶೀರ್ಷಿಕೆಯಲ್ಲಿಯೇ ಇವೆ. ಹೆಸರಿನ ಮುಂದೆ ಇಲ್ಲದ 'ಸಂಭಾವ್ಯ' ಎಂಬ ಮಾತು ಉಪಯೋಗದ ಮುಂದೆ ಇದೆ. ದೊಡ್ಡ ವಿದ್ವಾಂಸರ ಎಚ್ಚರ ಅಂಥದು.

ಆ ಒಂದು ಮಾತನ್ನು ದಾಟುವ ದಾರಿಯನ್ನು ತೋರಿಸಿದವರಲ್ಲಿ ಮುಖ್ಯರು ಸೋವಿಯತ್ ರಷ್ಯಾದ ಸೆರ್ಗೆಯ್ ಸೆಮ್ಯೊನೊವ್. ಅವರ ಗ್ರಂಥ ರಷ್ಯನ್ ಭಾಷೆಯಲ್ಲಿ 1957ರಲ್ಲೂ ಇಂಗ್ಲಿಷಿನಲ್ಲಿ ಸಾಂಕಳಿಯಾ ಅವರ ಕೈಪಿಡಿ ಬಂದ 1964ರಲ್ಲೇ ಹೊರಬಂತು. ಅವರ ವಾದ ಸರಳ. ಕೆಲಸ ಮಾಡಿದ ಆಯುಧ ಸವೆಯುತ್ತದೆ. ಪ್ರತಿಯೊಂದು ಕೆಲಸ ತನ್ನದೇ ರೀತಿಯ ಸವೆತವನ್ನು ಅಂಚಿನಲ್ಲಿ ಬಿಡುತ್ತದೆ. ಗೆರೆಗಳು ಅಂಚಿನ ಉದ್ದಕ್ಕೆ ಹರಿದಿದ್ದರೆ ಅದು ಕೊಯ್ದದ್ದು, ಅಂಚಿಗೆ ಅಡ್ಡವಾಗಿದ್ದರೆ ಹೆರೆದದ್ದು. ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಬಹುದು. ಆದರೆ ಯಾವ ಗುರುತು ಯಾವ ಕೆಲಸದ್ದು ಎಂದು ತಿಳಿಯಬೇಕಾದರೆ ನಾವೇ ಹೊಸದಾಗಿ ಒಂದು ಕಲ್ಲಿನ ಆಯುಧ ಮಾಡಿ, ತೊಗಲು ಹೆರೆದು, ಮರ ಕೆತ್ತಿ, ಮಾಂಸ ಕೊಯ್ದು, ಹುಲ್ಲು ಕತ್ತರಿಸಿ, ಆಮೇಲೆ ಅದರ ಅಂಚನ್ನು ಹಳೆಯದರ ಅಂಚಿನ ಪಕ್ಕದಲ್ಲಿಟ್ಟು ಹೋಲಿಸಬೇಕು. ಮಾಡುವುದು, ಬಳಸುವುದು, ಹೋಲಿಸುವುದು. ಪ್ರಯೋಗವೆಂದರೆ ಈ ಮೂರು.

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಇದು ಬೇಗ ಅರ್ಥವಾಗುತ್ತದೆ. ಚೆಕ್ಕಿನ ಮೇಲಿನ ಸಹಿ ಖಾತೆದಾರರದ್ದೇ ಎಂದು ಹೇಳಲು ನಮ್ಮಲ್ಲಿ ಮೊದಲೇ ತೆಗೆದಿಟ್ಟ ನಮೂನೆ ಸಹಿ ಇರಬೇಕು. ನಮೂನೆ ಇಲ್ಲದೆ ಎಂಥ ಕಣ್ಣಿದ್ದರೂ ಫಲವಿಲ್ಲ. ಪ್ರಯೋಗಕಾರರು ಮಾಡಿಟ್ಟುಕೊಳ್ಳುವ ನೂರಾರು ಹೊಸ ಆಯುಧಗಳು ಇಂಥ ನಮೂನೆಗಳೇ.

ಹಾಗಾದರೆ ಈ ಹೋಲಿಕೆ ಎಷ್ಟು ನಂಬಬಹುದು? ಇದನ್ನೂ ಪರೀಕ್ಷೆಗೆ ಒಡ್ಡಿದರು. ಅಮೆರಿಕದ ಲಾರೆನ್ಸ್ ಕೀಲಿ ಹೆಚ್ಚು ಶಕ್ತಿಯ ಸೂಕ್ಷ್ಮದರ್ಶಕದಿಂದ ಅಂಚಿನ ಹೊಳಪನ್ನು ಓದುತ್ತಿದ್ದರು. ಲಂಡನ್ನಿನ ಮಾರ್ಕ್ ನ್ಯೂಕಮರ್ ತಾವೇ ಕೆಲವು ಆಯುಧಗಳನ್ನು ಮಾಡಿ, ಬಳಸಿ, ಯಾವುದಕ್ಕೆ ಬಳಸಿದೆನೆಂದು ಹೇಳದೆ ಕೀಲಿಯವರ ಕೈಗೆ ಕೊಟ್ಟರು. 1977ರಲ್ಲಿ ಫಲಿತಾಂಶ ಪ್ರಕಟವಾಯಿತು. 16 ಅಂಚುಗಳ ಪೈಕಿ ಬಳಸಿದ ಭಾಗ ಯಾವುದೆಂದು 14ರಲ್ಲಿ, ಕೊಯ್ದದ್ದೋ ಹೆರೆದದ್ದೋ ಎಂದು 12ರಲ್ಲಿ, ಯಾವ ವಸ್ತುವಿನ ಮೇಲೆ ಬಳಸಿದ್ದೆಂದು 10ರಲ್ಲಿ ಕೀಲಿ ಸರಿಯಾಗಿ ಹೇಳಿದ್ದರು. ಮುಂದೆ 1986ರಲ್ಲಿ ನ್ಯೂಕಮರ್ ಮತ್ತು ಅವರ ಸಂಗಡಿಗರು ಇಂಥದೇ ಇನ್ನಷ್ಟು ಪರೀಕ್ಷೆಗಳನ್ನು ನಡೆಸಿ, ಹೊಳಪೊಂದನ್ನೇ ನಂಬಿ ವಸ್ತುವನ್ನು ಹೇಳುವುದು ಸುಲಭವಲ್ಲವೆಂದು ತೋರಿಸಿದರು. ತಮ್ಮ ವಿದ್ಯೆಯನ್ನು ತಾವೇ ಹೀಗೆ ಒರೆಗೆ ಹಚ್ಚಿದ ಈ ಜನರ ಮೇಲೆ ನನಗೆ ಗೌರವ ಹೆಚ್ಚಿದ್ದು ಆ ಎರಡನೆಯ ಫಲಿತಾಂಶದಿಂದ.

ಇಷ್ಟನ್ನು ಓದಿದ ಮೇಲೆ ನಮ್ಮ ಕಪ್ಪು ಕಲ್ಲು ಏನು ಹೇಳುತ್ತದೆಂದು ನೋಡುವ ಆಸೆಯಾಯಿತು. ಮಿರಜದ ಹೊರವಲಯದಲ್ಲಿ ರಸ್ತೆಯ ಬದಿ ಒರಳು, ಬೀಸುವ ಕಲ್ಲು, ಖಾರ ಅರೆಯುವ ಕಲ್ಲು ಕಟೆದು ಮಾರುವ ವಡ್ಡರ ಮನೆಗಳಿವೆ. ಅಲ್ಲಿನ ಒಬ್ಬ ಹಿರಿಯರು ಮನೆಯಲ್ಲಿ ತೆಲುಗಿನಂಥ ತಮ್ಮ ಮಾತನ್ನೂ ಗಿರಾಕಿಯ ಮೋರೆ ನೋಡಿ ಮರಾಠಿಯನ್ನೋ ಕನ್ನಡವನ್ನೋ ಆಡುತ್ತಾರೆ. ಅವರ ಉಳಿಯ ಕೆಳಗೆ ಬಿದ್ದ ಚಕ್ಕೆಗಳನ್ನು ನಾನು ಆರಿಸುತ್ತಿದ್ದುದನ್ನು ಕಂಡು ನಕ್ಕರು.

"ಏನ್ ಮಾಡ್ತೀರಿ ಸಾಹೇಬ್ರ, ಆ ಕಸಾ ತಗೊಂಡು?"

"ಇದರಿಂದ ಕೊಯ್ಯಲಿಕ್ಕಾಗುತ್ತದೋ ನೋಡಬೇಕಜ್ಜ" ಎಂದೆ.

"ಕೊಯ್ತೈತಿ, ಯಾಕ ಕೊಯ್ಯಂಗಿಲ್ಲ? ನಮ್ಮ ಕೈ ದಿನಾ ಕೊಯ್ಕೋತೈತಿ. ಆದ್ರ ತಾಳಿಕಿ ಇಲ್ರಿ. ಈ ಕಲ್ಲು ಅರ್ಯಾಕ ಹುಟ್ಟಿದ್ದು, ಕೊಯ್ಯಾಕಲ್ಲ."

ಚಕ್ಕೆಗಳನ್ನು ಮನೆಗೆ ತಂದು, ಸಾಂಗಲಿ ಸೀಮೆಯಲ್ಲಿ ಬೇಕಾದಷ್ಟು ಸಿಗುವ ಕಬ್ಬಿನ ಮೇಲೆ ಪ್ರಯೋಗ ಮಾಡಿದೆ. ಹೊಸ ಚಕ್ಕೆ ಮೊದಲ ಜಲ್ಲೆಯ ಸಿಪ್ಪೆಯನ್ನು ಸಲೀಸಾಗಿ ಎಬ್ಬಿಸಿತು. ಎರಡನೆಯದಕ್ಕೆ ಒತ್ತಬೇಕಾಯಿತು. ಮೂರನೆಯದರ ಹೊತ್ತಿಗೆ ಅದು ಕೊಯ್ಯುವುದನ್ನು ಬಿಟ್ಟು ಉಜ್ಜಲು ತೊಡಗಿತು. ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಪುಡಿಪುಡಿಯಾಗಿ ಉರುಟಾಗಿತ್ತು. ಆಮೇಲೆ ಹೊಳೆಯ ಗರಸಿನಲ್ಲಿ ಆಯ್ದ ಒಂದು ಅಗೇಟಿನ ಹರಳನ್ನು ಒಡೆದು ಅದರ ಚಕ್ಕೆಯಿಂದ ಹೆರೆದೆ. ಅಗೇಟು ಇದೇ ಕಪ್ಪು ಬಂಡೆಯ ಪೊಳ್ಳುಗಳಲ್ಲಿ ಹುಟ್ಟುವ ಕಲ್ಲು. ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ. ಐದು ಜಲ್ಲೆ ಮುಗಿದರೂ ಅದರ ಬಾಯಿ ಹಾಗೆಯೇ ಇತ್ತು. ಮಹಾರಾಷ್ಟ್ರದ ಪ್ರಾಚೀನ ನೆಲೆಗಳಲ್ಲಿ ಸಿಗುವ ಸಣ್ಣ ಅಲಗುಗಳು ಹೆಚ್ಚಾಗಿ ಈ ಜಾತಿಯ ಹರಳುಕಲ್ಲಿನವೇ ಆಗಿರುವುದು ಯಾಕೆಂದು ನನ್ನ ಬೆರಳಿಗೆ ತಿಳಿಯಿತು. ಇದು ವಿಜ್ಞಾನವಲ್ಲ, ಮನೆಯಾಟ. ಇದನ್ನೇ ಶಾಸ್ತ್ರೀಯವಾಗಿ ಮಾಡಿದವರು ಪೀಟರ್ ಜೋನ್ಸ್. ಟಾಂಜಾನಿಯದ ಓಲ್ಡುವಾಯಿ ಕಣಿವೆಯಲ್ಲಿ, ಅಲ್ಲಿನ ಲಾವಾಕಲ್ಲುಗಳಿಂದಲೇ ಆಯುಧ ಮಾಡಿ ಪ್ರಾಣಿಗಳನ್ನು ಕೊಯ್ದು ನೋಡಿ, ಯಾವ ಕಲ್ಲಿನ ಯಾವ ಅಂಚು ಎಷ್ಟು ಕೆಲಸಕ್ಕೆ ಬಂತೆಂದು ಅವರು 1980ರಲ್ಲಿ ವರದಿ ಮಾಡಿದರು.

ಕ್ಯಾಥಿ ಶಿಕ್ ಮತ್ತು ನಿಕೋಲಸ್ ಟೋಥ್ ದಂಪತಿಗಳ ಪ್ರಯೋಗ ಇನ್ನೂ ಸೋಜಿಗದ್ದು. ಸಹಜವಾಗಿ ಸತ್ತ ಆನೆಯ ಚರ್ಮವನ್ನು ಅವರು ಸಣ್ಣ ಕಲ್ಲಿನ ಚಕ್ಕೆಗಳಿಂದ ಕೊಯ್ದು ತೋರಿಸಿದರು. ಒಂದು ಕಾಲಕ್ಕೆ ವಿದ್ವಾಂಸರು ದೊಡ್ಡ ತಿರುಳುಗಲ್ಲನ್ನು ಆಯುಧವೆಂದೂ ಸುತ್ತ ಬಿದ್ದ ಚಕ್ಕೆಗಳನ್ನು ಕಸವೆಂದೂ ಬಗೆಯುತ್ತಿದ್ದರು. ಎಷ್ಟೋ ಕಡೆ ಬೇಕಾಗಿದ್ದದ್ದು ಚಕ್ಕೆಯೇ, ತಿರುಳುಗಲ್ಲು ಉಳಿದ ಭಾಗ, ಎಂದು ಇಂಥ ಪ್ರಯೋಗಗಳಿಂದ ತೋರಿಬಂತು. ಮಿರಜದ ಅಜ್ಜ ಕಸವೆಂದದ್ದು ಅವರ ಕೆಲಸಕ್ಕೆ ನಿಜ. ಇನ್ನೊಂದು ಕಾಲದ ಇನ್ನೊಂದು ಕೆಲಸಕ್ಕೆ ಆ ಕಸವೇ ಬೆಲೆಯುಳ್ಳದ್ದಾಗಿತ್ತು.

ಇನ್ನು ನಮ್ಮ ಕೃಷ್ಣೆಯ ಕೆಳಕಣಿವೆಗೆ ಬರೋಣ. ಕೃಷ್ಣಾ ಭೀಮೆಗಳ ನಡುವಣ ಸುರಪುರ ಸೀಮೆಯಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಿವೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಅಲ್ಲಿ ನಡೆದಾಡಿ, ಹಳೆ ಶಿಲಾಯುಗದ ಇನ್ನೂರರಷ್ಟು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಎಂಬ ಹಳ್ಳಿಯದು ವಿಶೇಷ. 1997ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಹೊರಬಂದದ್ದು ಒಂದು ಕಲ್ಲುಗಣಿ, ಆಯುಧ ಮಾಡುವ ಕಾರ್ಯಾಗಾರ. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷದಷ್ಟು ಹಿಂದಿನ ಕಾಲ ಬಂತು. ಭಾರತದ ಅತ್ಯಂತ ಹಳೆಯ ನೆಲೆಗಳಲ್ಲಿ ಇದೂ ಒಂದು.

ಇಸಾಂಪುರದ ಸುಣ್ಣಕಲ್ಲು ಪದರಪದರವಾಗಿ ಸೀಳಿ, ತಾನಾಗಿಯೇ ಹಲಗೆಗಳಂತೆ ಬಿಡಿಸಿಕೊಳ್ಳುತ್ತದೆ. ಬಡಿಯಲು ಬಳಸಿದ ಗುಂಡುಕಲ್ಲುಗಳು ಕ್ವಾರ್ಟ್ಸೈಟ್, ಚರ್ಟ್, ಬಸಾಲ್ಟ್‌ಗಳಂಥ ಬೇರೆ ಗಟ್ಟಿ ಕಲ್ಲಿನವು. ಅಲ್ಲಿ ಆಯುಧವಾಗದ ಕಪ್ಪು ಕಲ್ಲು ಆಯುಧ ಮಾಡುವ ಸುತ್ತಿಗೆಯಾಗಿತ್ತು. ಮಿರಜದ ಅಜ್ಜನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. "ಬಡ್ಯಾಕ ಬರತೈತಿ" ಎಂದರು, ಅಷ್ಟೆ.

ಸೆರಿ ಶಿಪ್ಟನ್, ಮೈಕಲ್ ಪೆಟ್ರಾಗ್ಲಿಯಾ ಮತ್ತು ಪದ್ದಯ್ಯನವರು ಇಸಾಂಪುರದ ಆಯುಧಗಳನ್ನು ಮತ್ತೆ ಮಾಡಿ ನೋಡಿ, ತಮ್ಮ ಪ್ರಯೋಗಗಳ ವಿವರವನ್ನು 2009ರಲ್ಲಿ 'ಆಂಟಿಕ್ವಿಟಿ' ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ನೋಡಹೊರಟದ್ದು, ಒಂದು ಕಲ್ಲು ಆಯುಧವಾಗುವ ತನಕ ಯಾವ ಯಾವ ಹಂತಗಳನ್ನು ದಾಟುತ್ತದೆ, ಯಾವ ಹಂತದಲ್ಲಿ ಎಂಥ ಚಕ್ಕೆ ಬೀಳುತ್ತದೆ ಎಂಬುದನ್ನು. ಹೊಸದಾಗಿ ಬಿದ್ದ ಚಕ್ಕೆಗಳನ್ನು ಹಳೆಯವುಗಳ ಜೊತೆ ಹೋಲಿಸಿದರೆ, 12 ಲಕ್ಷ ವರ್ಷದ ಹಿಂದೆ ಆ ಗಣಿಯಲ್ಲಿ ಕುಳಿತವನು ಮೊದಲು ಏನು ಮಾಡಿದ, ಆಮೇಲೆ ಏನು ಮಾಡಿದ ಎಂಬುದರ ಕ್ರಮ ಸಿಗುತ್ತದೆ. ತೆಳ್ಳನೆಯ ಹಲಗೆಯ ಸುತ್ತ ಕಡಿದರೆ ಕೈಕೊಡಲಿಗೆ ದಾರಿ. ದಪ್ಪ ಹಲಗೆಯಿಂದ ದೊಡ್ಡ ಚಕ್ಕೆ ಎಬ್ಬಿಸಿದರೆ ಸೀಳುಗೊಡಲಿಗೆ ದಾರಿ. ಹಲಗೆಯನ್ನು ಆರಿಸುವಾಗಲೇ ಏನು ಮಾಡಬೇಕೆಂಬುದು ಮನಸ್ಸಿನಲ್ಲಿ ಇರಬೇಕಾಗುತ್ತದೆ. ಅವನು ಆಡಿದ ಮಾತು ನಮಗೆ ಎಂದಿಗೂ ಸಿಗದು. ಅವನು ಯೋಚಿಸಿದ ಕ್ರಮ ಸ್ವಲ್ಪ ಸಿಕ್ಕಿದೆ.

ಪ್ರಯೋಗ ಮಾಡುವವನಿಗೆ ಪುಸ್ತಕದ ಓದಿಗಿಂತ ಮುಖ್ಯವಾದ ಇನ್ನೊಂದು ಬೇಕು. ಅದು ಪಳಗಿದ ಕೈ. ಗುಜರಾತಿನ ಖಂಭಾತದಲ್ಲಿ ಅಗೇಟಿನ ಮಣಿ ಮಾಡುವ ಕುಶಲಕರ್ಮಿಗಳು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಎಮ್ಮೆಕೊಂಬಿನ ತಲೆಯ ಸುತ್ತಿಗೆಯಿಂದ ಬಡಿದು ಚಕ್ಕೆ ತೆಗೆಯುತ್ತಾರೆ. ಹರಪ್ಪದ ಕಾಲದ ಮಣಿಗಾರಿಕೆಯನ್ನು ತಿಳಿಯಲು ವಿದ್ವಾಂಸರು ಇವರ ಬಳಿ ಕುಳಿತರು. ಫ್ರಾನ್ಸಿನ ವಾಲೆಂಟೈನ್ ರೂ ಮತ್ತು ಬ್ಲಾಂಡಿನ್ ಬ್ರಿಲ್ ಸುತ್ತಿಗೆಗೆ ವೇಗ ಅಳೆಯುವ ಉಪಕರಣ ಕಟ್ಟಿ, ನುರಿತವರ ಹೊಡೆತಕ್ಕೂ ಕಲಿಯುವವರ ಹೊಡೆತಕ್ಕೂ ಇರುವ ವ್ಯತ್ಯಾಸವನ್ನು ಅಳೆದರು. ನುರಿತವನು ಎದುರಿನ ಕಲ್ಲಿಗೆ ಬೇಕಾದಷ್ಟೇ ಬಲವನ್ನು ಕೊಡುತ್ತಾನೆ. ಹೇಗೆ ಎಂದು ಕೇಳಿದರೆ ಅವನಿಗೆ ಬಾಯಲ್ಲಿ ಹೇಳಲು ಬಾರದು.

ಡೆನ್ಮಾರ್ಕಿನ ಒಂದು ಘಟನೆಯೂ ಇದಕ್ಕೆ ಹೊಂದುತ್ತದೆ. 1950ರ ದಶಕದ ಆರಂಭದಲ್ಲಿ ಅಲ್ಲಿನ ಡ್ರಾವೆಡ್ ಕಾಡಿನಲ್ಲಿ ನವಶಿಲಾಯುಗದ ನಿಜವಾದ ಕಲ್ಲುಕೊಡಲಿಗಳಿಗೆ ಹಿಡಿ ಹಾಕಿ ಮರ ಕಡಿದು ನೋಡಿದರು. ಮರ ಕಡಿಯುವುದೇ ಕಸುಬಾಗಿದ್ದವರು ಉಕ್ಕಿನ ಕೊಡಲಿಯ ರೂಢಿಯಂತೆ ಹೆಗಲಿನಿಂದ ಬೀಸಿದಾಗ ಕಲ್ಲಿನ ಬಾಯಿ ಸಿಡಿಯಿತು. ಮೊಣಕೈಯಿಂದ ಚಿಕ್ಕಚಿಕ್ಕ ಏಟುಗಳನ್ನು ಬೇಗಬೇಗ ಹಾಕಿದಾಗ ಮರ ಉರುಳಿತು. ಕೊಡಲಿ ಬದಲಾದರೆ ಮೈಯ ಬೀಸು ಬದಲಾಗಬೇಕು. ಆಯುಧವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಷ್ಟು ದಿಟ್ಟಿಸಿದರೂ ಈ ಸಂಗತಿ ತಿಳಿಯುತ್ತಿರಲಿಲ್ಲ.

ಬಳ್ಳಾರಿಯ ಸಂಗನಕಲ್ಲಿನಲ್ಲಿ ಇಂಥ ಕೊಡಲಿಗಳ ಕಾರ್ಖಾನೆಯೇ ಇತ್ತು. ಬಿ. ಸುಬ್ಬರಾವ್ ಅವರ ಬಳ್ಳಾರಿ ಶಿಲಾಯುಗದ ಗ್ರಂಥ 1948ರಲ್ಲಿ ಬಂದ ಮೇಲೆ ಈ ನೆಲೆ ವಿದ್ವತ್ ಲೋಕಕ್ಕೆ ಸುಪರಿಚಿತ. 1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ವಿದೇಶದ ಸಂಗಡಿಗರು ಅಲ್ಲಿನ ಹಿರೇಗುಡ್ಡದಲ್ಲಿ ಮತ್ತೆ ಅಗೆದರು. ಡಾಲರೈಟ್ ಎಂಬ ಕಪ್ಪು ಕಲ್ಲನ್ನು ಒಡೆದು, ಕಡಿದು, ಕುಟ್ಟಿ ನಯಗೊಳಿಸಿ, ಗ್ರಾನೈಟ್ ಬಂಡೆಯ ಮೇಲೆ ನೀರು ಹಾಕಿ ತಿಕ್ಕಿದರೆ ಒಂದು ಕೊಡಲಿ. ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ನುಣುಪಾದ ಕುಳಿಗಳು ಈಗಲೂ ಇವೆ. ಪಕ್ಕದ ಕುಪ್ಪಗಲ್ಲಿನಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳಿವೆ. ಅವುಗಳ ಮೇಲೆ ಬಡಿದು ಬಡಿದು ಆದ ಗುರುತುಗಳಿವೆ. ನಿಕೋಲ್ ಬೊವಿನ್ 2004ರಲ್ಲಿ ಅದನ್ನು ಕುರಿತು ಬರೆದರು. ಚಿತ್ರವೆಂದು ನೋಡಿದಾಗ ಮೌನವಾಗಿದ್ದ ಬಂಡೆ, ಬಡಿದಾಗ ವಾದ್ಯವಾಯಿತು.

ಆದರೆ ಪ್ರಯೋಗಕ್ಕೂ ಮಿತಿಯುಂಟು. 'ಹೀಗೆ ಮಾಡಬಹುದಿತ್ತು' ಎಂದು ಅದು ತೋರಿಸುತ್ತದೆ. 'ಹೀಗೆಯೇ ಮಾಡಿದರು' ಎನ್ನಲು ಬೇರೆ ಸಾಕ್ಷಿಗಳು ಕೂಡಬೇಕು. ಕುಡುಗೋಲಿನ ಸಂಗತಿ ನೋಡಿ. ಪಶ್ಚಿಮ ಏಷ್ಯಾದ ಹಳೆಯ ಕಲ್ಲಲಗುಗಳ ಅಂಚಿನಲ್ಲಿ ಒಂದು ಬಗೆಯ ಹೊಳಪಿದೆ. ಅಂಥ ಅಲಗುಗಳಿಂದ ಪೈರು ಕೊಯ್ದರೆ ಅದೇ ಹೊಳಪು ಬರುತ್ತದೆಂದು ಇಂಗ್ಲೆಂಡಿನ ಸ್ಪರೆಲ್ 1892ರಲ್ಲೂ ಕರ್ವೆನ್ 1930ರಲ್ಲೂ ಪ್ರಯೋಗದಿಂದ ತೋರಿಸಿದ್ದರು. ಹಾಗಾದರೆ ಹೊಳಪಿನ ಅಲಗು ಸಿಗದ ಕಡೆ ಬೇಸಾಯವೇ ಇರಲಿಲ್ಲವೆನ್ನೋಣವೇ? ಜತ್ತ, ವಿಜಯಪುರದ ಕಡೆಯ ರೈತರನ್ನು ಕೇಳಿ. ಹಿಂಗಾರಿ ಜೋಳವನ್ನು ಅವರು ಬುಡಸಹಿತ ಕೀಳುತ್ತಾರೆ. ಮಾತಿನಲ್ಲಿಯೂ 'ಜೋಳ ಕೀಳೋದು' ಎಂದೇ ಇದೆ. ಹುರುಳಿಯ ಬಳ್ಳಿಯನ್ನೂ ಕೈಯಿಂದಲೇ ಕೀಳುವ ರೂಢಿಯುಂಟು. ಸಂಗನಕಲ್ಲಿನ ಕಡೆಯ ನವಶಿಲಾಯುಗದ ಜನ ಬೆಳೆದದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳು ಎಂದು ಸುಟ್ಟ ಕಾಳುಗಳ ಅಭ್ಯಾಸದಿಂದ ತಿಳಿದಿದೆ. ಕೈಯಿಂದ ಕಿತ್ತ ಬೆಳೆ ಯಾವ ಕಲ್ಲಿನ ಮೇಲೆ ಗುರುತು ಬಿಡಬೇಕು? ಹೊಲದ ರೂಢಿ ಗೊತ್ತಿಲ್ಲದ ಪ್ರಯೋಗಕಾರನಿಗೆ ಈ ಪ್ರಶ್ನೆಯೇ ಹೊಳೆಯದು. ಒಂದು ಕ್ರಿಯಾಪದದಲ್ಲಿ ಒಂದು ಸಾಕ್ಷಿ ಅಡಗಿರುತ್ತದೆ.

ಇಲ್ಲಿಂದ ನಮ್ಮ ಮನೆಗಳ ವಿಷಯಕ್ಕೆ ಬರುತ್ತೇನೆ. ಮಿರಜವು ಸಿತಾರ್, ತಂಬೂರಿಗಳಿಗೆ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಕೆಲಸವನ್ನು ಇಲ್ಲಿ ಮೊದಲುಮಾಡಿದ ಫರೀದಸಾಹೇಬರ ಮನೆತನ ಶಿಕಲಗಾರರದು, ಅಂದರೆ ಕತ್ತಿಗೆ ಸಾಣೆ ಹಿಡಿಯುವವರದು. ಕತ್ತಿಯ ಕಾಲ ಮುಗಿದಾಗ ಅವರ ಕೈ ತಂಬೂರಿಗೆ ಹೊರಳಿತು. ಕೈಯ ಕೌಶಲ ಹೀಗೆ ಹೊಸ ಕೆಲಸ ಹುಡುಕಿಕೊಂಡರೆ ಉಳಿಯುತ್ತದೆ. ಎಲ್ಲ ಕೌಶಲಕ್ಕೂ ಆ ಭಾಗ್ಯವಿಲ್ಲ. ಬೀಸುವ ಕಲ್ಲು ಸವೆದು ನುಣುಪಾದಾಗ ಅದರ ಮೋರೆಯನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುವವರು ಹಿಂದೆ ಓಣಿ ಓಣಿ ಕೂಗುತ್ತ ಬರುತ್ತಿದ್ದರು. ಈಗ ಕಲ್ಲೇ ಮೂಲೆ ಸೇರಿದೆ. ನಾನು ಹೇಳಿದ ಅಜ್ಜನ ಮಕ್ಕಳು ಉಳಿ ಹಿಡಿಯುವುದಿಲ್ಲ. ಒಬ್ಬ ಟೆಂಪೋ ಓಡಿಸುತ್ತಾನೆ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿದ್ದಾನೆ. ಅವರನ್ನು ದೂರಲು ನಮಗೇನು ಹಕ್ಕಿದೆ? ನಮ್ಮ ಮನೆಯಲ್ಲಿಯೂ ಮಿಕ್ಸಿಯೇ ಇರುವುದು.

ಆದರೆ ಬಿಡುವುದಕ್ಕೆ ಮೊದಲು ಬರೆದಿಡಬಹುದು. ಕಾಸರಗೋಡಿನ ಒಂದೇ ಅಂಗಳದ ಎರಡು ಮನೆಗಳಲ್ಲಿ ಒಂದೇ ಕಲ್ಲಿಗೆ ಒಬ್ಬರು ಅರೆಯುವ ಕಲ್ಲೆಂದೂ ಇನ್ನೊಬ್ಬರು ಅಮ್ಮಿಯೆಂದೂ ಹೇಳುತ್ತಾರೆ. ಸಾಂಗಲಿಯ ಮರಾಠಿ ಮನೆಯಲ್ಲಿ ಅದೇ ಪಾಟಾ, ಅದರ ಮೇಲಿನ ಗುಂಡು ವರವಂಟಾ. ಹೆಸರು ಮೂರು, ಮೊಣಕಾಲೂರಿ, ಮೈಯ ಭಾರವನ್ನೆಲ್ಲ ಅಂಗೈಗೆ ತಂದು ಮುಂದಕ್ಕೆ ತಳ್ಳುವ ಬೀಸು ಒಂದೇ. ಕೊಬ್ಬರಿಗೆ ಎಷ್ಟು ಒತ್ತು, ಮೆಣಸಿಗೆ ಎಷ್ಟು ನೀರು, ಅರಸಿನ ಅರೆದ ಮೇಲೆ ಕಲ್ಲನ್ನು ಯಾವುದರಿಂದ ತೊಳೆಯಬೇಕು, ಕಲ್ಲು ಯಾವ ಕಡೆ ಹೆಚ್ಚು ಸವೆಯುತ್ತದೆ ಎಂಬುದನ್ನೆಲ್ಲ ಬಲ್ಲ ಅಜ್ಜಿಯರು, ಅಮ್ಮೂಮ್ಮಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳ ರಜೆಯಲ್ಲಿ ಒಂದು ಮಧ್ಯಾಹ್ನ ಅವರ ಬಳಿ ಕುಳಿತು, ಆ ಕಲ್ಲಿನ ಮೇಲೆ ಒಂದು ಚಟ್ನಿ ಅರೆಯಿಸಿ, ಅವರು ಆಡಿದ ಮಾತನ್ನು ಅವರದೇ ಭಾಷೆಯಲ್ಲಿ ಬರೆದುಕೊಂಡರೆ ಅದೂ ಒಂದು ಪ್ರಯೋಗವೇ. ಎರಡು ಭಾಷೆಗಳ ಈ ವಾರ್ಷಿಕದಲ್ಲಿ ಅಂಥ ಬರಹಕ್ಕೆ ಎರಡೂ ಕಡೆಯ ಪುಟಗಳಲ್ಲಿ ಜಾಗವಿರಬೇಕೆಂದು ನನ್ನ ಆಸೆ.

ಕಲ್ಲಿನ ಆಯುಧವನ್ನು ತೋರಿಸಿ ಈ ನೆಲ ಯಾರದೆಂದು ವಾದಿಸಲಾಗದು. ಹನ್ನೆರಡು ಲಕ್ಷ ವರ್ಷದ ಹಿಂದೆ ಇಸಾಂಪುರದ ಗಣಿಯಲ್ಲಿ ಕುಳಿತವನು ಕನ್ನಡಿಗನೂ ಅಲ್ಲ, ಮರಾಠಿಗನೂ ಅಲ್ಲ, ಮಲಯಾಳಿಯೂ ಅಲ್ಲ. 1956ರ ರಾಜ್ಯಗಳ ಪುನರ್ವಿಂಗಡಣೆಯಿಂದ ಹಿಡಿದು ಇಂದಿನ ತನಕ ಎಲ್ಲೆಗಳ ನಡುವೆಯೇ ಬದುಕಿದ ನಮಗೆ, ಎಲ್ಲೆಯನ್ನು ಕೇಳದ ಒಂದು ಇತಿಹಾಸವೂ ಇದೆ ಎಂದು ತಿಳಿಯುವುದು ಒಳ್ಳೆಯದು. ಶಾಸನವನ್ನು ನಾವು ಹುಡುಕೋಣ, ಓದೋಣ. ಅದು ನಮ್ಮ ಹಕ್ಕು. ಅದರ ಜೊತೆಗೆ ಹಿತ್ತಿಲಿನಲ್ಲಿ ಮಗುಚಿ ಬಿದ್ದಿರುವ ಅರೆಯುವ ಕಲ್ಲನ್ನೂ ಒಮ್ಮೆ ಎತ್ತಿ ನಿಲ್ಲಿಸೋಣ. ಅದರ ನಡುವಿನ ತಗ್ಗು ನಮ್ಮ ಮನೆಯ ನಾಲ್ಕು ತಲೆಮಾರಿನ ಹೆಂಗಸರ ಕೈಬರಹ. ಅದನ್ನು ಓದಿ ಹೇಳಬಲ್ಲವರು ಇರುವಾಗಲೇ ಕೇಳಿಕೊಳ್ಳದಿದ್ದರೆ, ಮುಂದೊಂದು ದಿನ ಯಾರೋ ಅದನ್ನು ವಸ್ತುಸಂಗ್ರಹಾಲಯದ ಪೆಟ್ಟಿಗೆಯಲ್ಲಿಟ್ಟು, ಕೆಳಗಿನ ಚೀಟಿಯಲ್ಲಿ 'ಸಂಭಾವ್ಯ ಉಪಯೋಗ' ಎಂದು ಬರೆಯಬೇಕಾದೀತು.